ಬೂಟ್ ಆಗುವಾಗ ಎರರ್ ಬಂದ್ರೆ ಯಾರಿಗೆ ಹೇಳೋದು?

"ನನ್ನ ಸ್ಕ್ರಿಪ್ಟ್ ಟರ್ಮಿನಲ್‌ನಲ್ಲಿ ಚೆನ್ನಾಗಿ ಓಡುತ್ತೆ, ಲಿನಕ್ಸ್ ಬೂಟ್ ಆಗುವಾಗ ಮಾತ್ರ ಡಿಸ್ಕ್ ಮೌಂಟ್ ಆಗಲ್ಲ. ಸಿಸ್ಟಮ್‌ಡಿ ನೋಡಿದ್ರೆ ಹಸಿರು ಬಣ್ಣದಲ್ಲಿ ಓಕೆ ಅಂತಿದೆ!" ನಿಮ್ಮಲ್ಲೊಬ್ಬರು ಕೇಳಿದ್ದು. ಇದೇ ಗುಂಡಿಗೆ ನಾನೂ ಬಿದ್ದಿದ್ದೇನೆ. (ಮೌಂಟ್ ಅಂದರೆ ಡಿಸ್ಕನ್ನು ಬಳಕೆಗೆ ಜೋಡಿಸುವುದು; ಸಿಸ್ಟಮ್‌ಡಿ ಅಂದರೆ ಬೂಟ್ ಆಗುವಾಗ ಬೇರೆ ಪ್ರೋಗ್ರಾಮ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವ ಪ್ರೋಗ್ರಾಮ್.)

ಬೇಸಿಕ್ಸ್ ಬೇಗ ಮುಗಿಸೋಣ. ಪ್ರೋಗ್ರಾಮ್‌ನ ಎರರ್ ಸಂದೇಶ ಸ್ಟಾಂಡರ್ಡ್ ಎರರ್‌ಗೆ, ಅಂದರೆ ಎರರ್‌ಗಳಿಗೇ ಇರುವ ಬೇರೆ ದಾರಿಗೆ, ಹೋಗಬೇಕು. ಮುಗಿಯುವಾಗ ಒಂದು ಎಕ್ಸಿಟ್ ಕೋಡ್ ಕೊಡಬೇಕು: 0 ಅಂದರೆ ಗೆದ್ದೆ, ಬೇರೆ ಏನಿದ್ದರೂ ಸೋತೆ.

ಅಷ್ಟೇನಾ? ಎಫ್‌ಎಸ್‌ಸಿಕೆ ನೋಡಿ, ಬೂಟ್ ಆಗುವಾಗ ಫೈಲ್‌ಸಿಸ್ಟಮ್ ಪರೀಕ್ಷೆ ಮಾಡುವ ಪ್ರೋಗ್ರಾಮ್. ಇದು 1 ಕೊಟ್ಟರೆ ಸೋತಿಲ್ಲ, "ತಪ್ಪಿತ್ತು, ಸರಿ ಮಾಡಿದೆ" ಅಂತ. 2 ಅಂದರೆ ರೀಬೂಟ್ ಮಾಡಿ. 4 ಅಂದರೆ ತಪ್ಪು ಹಾಗೇ ಉಳಿದಿದೆ. ಮುಂದೆ 8, 16, 32. ಯಾಕೆ ಹೀಗೆ ಹಾರುತ್ತದೆ? ಕಿರಾಣಿ ಅಂಗಡಿಯ ತೂಕದ ಕಲ್ಲು ನೆನೆಸಿಕೊಳ್ಳಿ, ಒಂದೊಂದು ಅಳತೆಗೂ ಒಂದೇ ಕಲ್ಲು ಇದೆ ಅಂದುಕೊಳ್ಳಿ. ತಕ್ಕಡಿಯಲ್ಲಿ 3 ಬಂತಾ? 1 ಮತ್ತು 2 ಇಡದೆ ಬೇರೆ ದಾರಿಯೇ ಇಲ್ಲ: ಸರಿ ಮಾಡಿದೆ, ರೀಬೂಟೂ ಮಾಡಿ. 5 ಬಂದರೆ ಕೆಲವು ಸರಿಯಾದವು, ಕೆಲವು ಆಗಲಿಲ್ಲ. ಒಂದೇ ಅಂಕಿಯಲ್ಲಿ ಪೂರ್ತಿ ವರದಿ! (64 ಎಲ್ಲಿ ಅಂತ ಕೇಳಬೇಡಿ, 32 ಆದ ಮೇಲೆ ಸೀದಾ 128.) ಬೂಟ್ ಹೊತ್ತಿನಲ್ಲಿ ಸ್ಕ್ರೀನ್ ಮುಂದೆ ಯಾರೂ ಕೂತಿರುವುದಿಲ್ಲ, ಇದನ್ನು ಮೊದಲು ಓದುವುದು ಇನ್ನೊಂದು ಪ್ರೋಗ್ರಾಮ್, ಅದಕ್ಕೆ ನಿಮ್ಮ ಚಂದದ ವಾಕ್ಯ ಬೇಡ, ಅಂಕಿ ಬೇಕು.

[ಸ್ಕ್ರೀನ್ ಮೇಲೆ: ಸ್ಕ್ರಿಪ್ಟ್‌ನ ಕೊನೆಯ ಸಾಲು]

ಈಗ ಆ ಸ್ಕ್ರಿಪ್ಟ್. ಕೊನೆ ಸಾಲಲ್ಲಿ ಎಕೋ (ಕೊಟ್ಟ ಮಾತನ್ನು ಪ್ರಿಂಟ್ ಮಾಡುವ ಕಮಾಂಡ್), "ಮುಗಿಯಿತು" ಅಂತ. ಕಳ್ಳ ಸಿಕ್ಕಿದ! ಬೇರೆ ಹೇಳದಿದ್ದರೆ, ಕೊನೆಯ ಕಮಾಂಡ್‌ನ ಕೋಡೇ ಇಡೀ ಶೆಲ್ ಸ್ಕ್ರಿಪ್ಟ್‌ನ ಕೋಡ್. ಡಿಸ್ಕ್ ಇನ್ನೂ ಎದ್ದಿರದೆ ಮೇಲೆ ಮೌಂಟ್ ಮಣ್ಣು ಮುಕ್ಕಿದ್ದರೂ, ಕೆಳಗೆ ಎಕೋ ಗೆದ್ದಿತು, 0 ಹೋಯಿತು. ಪಾಪ, ಸಿಸ್ಟಮ್‌ಡಿ ಏನು ಮಾಡೀತು? ಮೌಂಟ್ ಸೋತ ಕೂಡಲೇ ಎಕ್ಸಿಟ್ 1 ಅಂತ ಹೊರಬನ್ನಿ.

ಟೈಮ್ ಆಗ್ತಿದೆ, ಉಳಿದದ್ದು ಒಟ್ಟಿಗೆ. "ಫೈಲ್ ಸಿಗಲಿಲ್ಲ" ಅಂದರೆ ಸಾಲದು, ಯಾವ ಫೈಲ್ ಅಂತ ಹೇಳಿ. "ಮುಂದುವರಿಯಲಾ?" ಅಂತ ಕೇಳಿ ಕೂರಬೇಡಿ, ಉತ್ತರ ಕೊಡಲು ಅಲ್ಲಿ ಯಾರಿದ್ದಾರೆ? ಸಿಸ್ಟಮ್‌ಡಿ 203 ತೋರಿಸಿದರೆ ಪ್ರೋಗ್ರಾಮ್ ಶುರುವೇ ಆಗಿಲ್ಲ, ಫೈಲಿನ ಪಾತ್ ಮತ್ತು ಪರ್ಮಿಷನ್ ನೋಡಿ. ಇನ್ನೊಂದು, ಕೆಲವು ಸಿಸ್ಟಮ್‌ಗಳಲ್ಲಿ ಜರ್ನಲ್, ಅಂದರೆ ಸಿಸ್ಟಮ್‌ಡಿಯ ಲಾಗ್, ಬರೀ ರ‍್ಯಾಮ್‌ನಲ್ಲಿರುತ್ತದೆ. ಹಾಗಾಗಿ ಗಾಬರಿಯಲ್ಲಿ ರೀಬೂಟ್ ಒತ್ತುವ ಮೊದಲು ಲಾಗ್ ಓದಿಬಿಡಿ, ಆಮೇಲೆ ಅದು ಸಿಗಲ್ಲ.