60 ದಿನ ಯಾರ ಕೆರೆಗೆ?

ನಮ್ಮ ಪಕ್ಕದ ಮನೆಯ ಅಜ್ಜನ ಗ್ಯಾರೇಜಿನ ಗೋಡೆಯಲ್ಲಿ ಒಂದು ದೊಡ್ಡ ಮೊಳೆ ಇದೆ. ಬೀಜದ ಕಂಪನಿಯವರು ಪುಕ್ಕಟೆ ಕೊಡುವ ಕ್ಯಾಲೆಂಡರ್‌ಗಳು ಅದಕ್ಕೆ ಒಂದರ ಮೇಲೊಂದು ನೇತಾಡುತ್ತಿವೆ. 22 ವರ್ಷದ್ದು. ಹಳೆಯದನ್ನು ತೆಗೆಯುವುದಿಲ್ಲ, ಹೊಸದನ್ನು ಮೇಲೆ ಸಿಕ್ಕಿಸುತ್ತಾರೆ ಅಷ್ಟೇ. ಅಕ್ಟೋಬರ್ ಕೊನೆಯಿಂದ ಆಚೆಗೆ ತಾರೀಖಿನ ಪ್ರತಿ ಮನೆಯಲ್ಲೂ ಪೆನ್ಸಿಲ್ ಬರಹ: ಗಾಳಿ ಯಾವ ಕಡೆಯದು, ಬಾತು ಎಷ್ಟು ಕಂಡವು, ಎಷ್ಟು ಬಿದ್ದವು. ಡಿಸೆಂಬರ್‌ನಲ್ಲಿ ಎಲ್ಲೋ ಒಂದು ದಿನದ ಮೇಲೆ ದಪ್ಪಗೆ ಕಾಟು ಹಾಕಿರುತ್ತಾರೆ. ಅವತ್ತು ಕೆರೆ ಹೆಪ್ಪುಗಟ್ಟಿತು ಅಂತ ಅರ್ಥ. ಇಲ್ಲಿನ ಬೇಟೆಗಾರರ ಬಾಯಲ್ಲಿ ಹೇಳುವುದಾದರೆ ಕೆರೆ ‘ಲಾಕ್’ ಆಯಿತು. ಅದರ ಮುಂದಿನ ಮನೆಗಳೆಲ್ಲ ಖಾಲಿ.

ನಮಸ್ಕಾರ. ಇವತ್ತಿನ ಮಾತು ಆ ಖಾಲಿ ಮನೆಗಳ ಬಗ್ಗೆ, ಅಂದರೆ ಇಲ್ಲಿನ ಬಾತು ಬೇಟೆಯ ತಾರೀಖಿನ ಬಗ್ಗೆ.

ನಾನಿರುವುದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಪಿಯೋರಿಯಾ ಊರಿನ ಹತ್ತಿರ. ಹುಟ್ಟಿದ್ದು ಮದ್ದೂರಿನ ಕಡೆ, ಕೊಕ್ಕರೆ ಬೆಳ್ಳೂರು ಅಲ್ಲೇ ಪಕ್ಕ. ಹಿತ್ತಲ ಹುಣಸೆ ಮರದಲ್ಲಿ ಕೊಕ್ಕರೆ ಗೂಡು ಕಟ್ಟಿದರೆ ಮನೆಮಗಳು ಬಾಣಂತನಕ್ಕೆ ಬಂದಳು ಅನ್ನುವ ಜನ ನಮ್ಮವರು. ಹಾಗಾಗಿ ನಾನು ಬಾತುಕೋಳಿ ಬೇಟೆಯ ಲೈಸೆನ್ಸ್ ತೆಗೆದುಕೊಂಡೆ ಅಂದಾಗ ಅಮ್ಮ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, “ಇಲ್ಲಿ ಕೊಕ್ಕರೆಗೆ ಕಲ್ಲೆಸೆದ ಹುಡುಗನ್ನೇ ಸುಮ್ನೆ ಬಿಡಲ್ಲ, ನೀನು ಅಲ್ಲಿ ಬಂದೂಕು ಹಿಡ್ಕಂಡು ಹೊಂಟಿದೀಯಾ?” ಅಂದರು. ಅದಕ್ಕೆ ನನ್ನ ಹತ್ತಿರ ಇನ್ನೂ ಸರಿಯಾದ ಉತ್ತರ ಇಲ್ಲ. ನಿಮ್ಮಲ್ಲಿ ಎಷ್ಟೋ ಜನರಿಗೆ ಬೇಟೆಯೇ ಹಿಡಿಸದಿರಬಹುದು, ಆ ಜಗಳ ಇನ್ನೊಂದು ದಿನ ಆಡೋಣ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ, ಆಮೇಲೆ ಅದಕ್ಕೆ 1991ರ ತಿದ್ದುಪಡಿ ಬಂದ ಮೇಲೆ ಬೇಟೆಯ ತಾರೀಖು ಯಾವುದು ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಇಲ್ಲಿ ಮಾತ್ರ ಚಳಿಗಾಲ ಮುಗಿಯುತ್ತಿದ್ದ ಹಾಗೆ ಅದೇ ಮಾತು. ಡೈನರಿನಲ್ಲಿ, ಬಂದೂಕಿನ ಅಂಗಡಿಯಲ್ಲಿ, ದೋಣಿ ಇಳಿಸುವ ಕಟ್ಟೆಯಲ್ಲಿ, ಎಲ್ಲ ಕಡೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಬೇಗ ಮುಗಿಸುತ್ತೇನೆ. ಈ ಹಕ್ಕಿಗಳು ಯಾವ ರಾಜ್ಯದ್ದೂ ಅಲ್ಲ, ಕೆನಡಾದ ಹುಲ್ಲುಗಾವಲಿನ ಹೊಂಡಗಳಲ್ಲಿ ಮರಿ ಮಾಡಿ, ಚಳಿಗೆ ಕೆಳಗಿಳಿದು ಬರುತ್ತವೆ. ಅದಕ್ಕೇ 1916ರಲ್ಲಿ ಒಪ್ಪಂದ ಆಯಿತು, 1918ರಲ್ಲಿ ಕಾನೂನು ಬಂತು. ಎಲ್ಲೇ ಆಗಲಿ ವರ್ಷಕ್ಕೆ 107 ದಿನಕ್ಕಿಂತ ಜಾಸ್ತಿ ಹೊಡೆಯುವಂತಿಲ್ಲ. ಹಕ್ಕಿಗಳ ದಾರಿ ನೋಡಿ ದೇಶವನ್ನು ನಾಲ್ಕು ಉದ್ದ ಪಟ್ಟಿ ಮಾಡಿದ್ದಾರೆ, ಫ್ಲೈವೇ ಅನ್ನುತ್ತಾರೆ. ಪಶ್ಚಿಮದ ತುದಿಯ ಪೆಸಿಫಿಕ್ ಫ್ಲೈವೇಗೆ ಆ 107 ದಿನವೂ ಸಿಗುತ್ತದೆ. ನಮ್ಮದು ಮಿಸಿಸಿಪ್ಪಿ ಫ್ಲೈವೇ, 14 ರಾಜ್ಯ, 60 ದಿನ, ದಿನಕ್ಕೆ ತಲೆಗೆ 6 ಬಾತು. ಆ ಆರರಲ್ಲಿ ಮಲ್ಲಾರ್ಡ್ ನಾಲ್ಕೇ, ಅದರಲ್ಲೂ ಹೆಣ್ಣು ಎರಡು ಮೀರಬಾರದು. ಹಸಿರು ತಲೆಯ ದೊಡ್ಡ ಬಾತು ಇದೆಯಲ್ಲ, ಅದೇ ಮಲ್ಲಾರ್ಡ್. ಇಲ್ಲಿ ಎಲ್ಲರ ಕಣ್ಣೂ ಅದರ ಮೇಲೆಯೇ.

ಮಿತಿ ಯಾಕೆ ಬೇಕು ಅಂತ ಕೇಳುವವರಿಗೆ ಒಂದು ಲೆಕ್ಕ. 1938ರ ನವೆಂಬರ್‌ನಲ್ಲಿ ಭರತ್‌ಪುರದಲ್ಲಿ ವೈಸರಾಯ್ ಲಿನ್ಲಿಥ್‌ಗೋ ಮತ್ತು ಅವನ ಜೊತೆಯವರು ಒಂದೇ ದಿನ 4,273 ಹಕ್ಕಿ ಕೆಡವಿದರು. ನಮ್ಮ ಅಜ್ಜ ಒಂದು ದಿನವೂ ತಪ್ಪಿಸದೆ, ದಿನಕ್ಕೆ ಆರಾರು ಹೊಡೆದರೂ ಅಷ್ಟು ಮುಟ್ಟಲು 12 ವರ್ಷ ಹತ್ತಿರ ಬೇಕು.

ಸರಿ, ಎಷ್ಟು ದಿನ, ಎಷ್ಟು ಹಕ್ಕಿ ಅನ್ನುವುದು ವಿಜ್ಞಾನಿಗಳ ಕೆಲಸ. 1955ರಿಂದ ಹೆಚ್ಚುಕಡಿಮೆ ಪ್ರತಿ ವರ್ಷ ಬೇಸಿಗೆಯ ಮೊದಲಿಗೆ ವಿಮಾನದಲ್ಲಿ ತಗ್ಗಿ ಹಾರಿ ಹಕ್ಕಿ ಎಣಿಸುತ್ತಾರೆ, ಹೊಂಡ ಎಣಿಸುತ್ತಾರೆ. 1988ರಲ್ಲಿ ಉತ್ತರದ ಕಡೆ ಬರ ಬಿದ್ದಾಗ ನಮ್ಮ ಫ್ಲೈವೇಗೆ ಸಿಕ್ಕಿದ್ದು 30 ದಿನ, ದಿನಕ್ಕೆ 3 ಬಾತು. ಯಾರೂ ತಕರಾರು ಎತ್ತಲಿಲ್ಲ ಅಂತಲ್ಲ, ಆದರೆ ಹಕ್ಕಿ ಇಲ್ಲ ಅನ್ನುವುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು ಅಂತ ಅಜ್ಜ ಹೇಳುತ್ತಾರೆ.

ಜಗಳ ಶುರುವಾಗುವುದು ಆ 60 ದಿನವನ್ನು ಕ್ಯಾಲೆಂಡರ್‌ನಲ್ಲಿ ಎಲ್ಲಿ ಇಡಬೇಕು ಅನ್ನುವಲ್ಲಿ. ಸೆಪ್ಟೆಂಬರ್ 24ರ ಹತ್ತಿರದ ಶನಿವಾರದಿಂದ ಜನವರಿ 31ರವರೆಗೆ ಎಲ್ಲಿ ಬೇಕಾದರೂ ಇಟ್ಟುಕೊಳ್ಳಿ ಅಂತ ಕೇಂದ್ರ ಸರ್ಕಾರ ರಾಜ್ಯಗಳಿಗೆ ಬಿಟ್ಟಿದೆ. ಮೊದಲು ಜನವರಿಯ ಕೊನೆಯ ಭಾನುವಾರಕ್ಕೇ ಮುಗಿಸಬೇಕಿತ್ತು. 2019ರ ಕಾನೂನಿನಲ್ಲಿ ತಿಂಗಳ ಕೊನೆಯವರೆಗೆ ಎಳೆದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವಲ್ಲ. ಇಲ್ಲಿ ಹಾಸಿಗೆ ಎಲ್ಲರಿಗೂ 60 ದಿನದ್ದೇ, ಅದನ್ನು ಯಾವ ಕೋಣೆಯಲ್ಲಿ ಹಾಸಬೇಕು ಅನ್ನುವುದೇ ತಕರಾರು.

ಇಲಿನಾಯ್ ಉದ್ದಕ್ಕೆ ಸುಮಾರು 390 ಮೈಲಿ. ಮೇಲೆ ಶಿಕಾಗೋ ಕಡೆ ಹೊಂಡಗಳು ಗಟ್ಟಿಯಾಗುವ ಹೊತ್ತಿಗೆ ಕೆಳಗಿನ ತುದಿಯಲ್ಲಿ ಇನ್ನೂ ಹಕ್ಕಿಯೇ ಬಂದಿರುವುದಿಲ್ಲ. ಬೀದರಿಗೂ ಮಡಿಕೇರಿಗೂ ಒಂದೇ ದಿನ ಬಿತ್ತನೆ ಮಾಡಿ ಅಂದರೆ ಹೇಗಿರುತ್ತದೆ ಹೇಳಿ! ಅದಕ್ಕೇ ಜೋನ್. ನಮ್ಮ ರಾಜ್ಯದಲ್ಲಿ ನಾಲ್ಕು: ನಾರ್ತ್, ಸೆಂಟ್ರಲ್, ಸೌತ್ ಸೆಂಟ್ರಲ್, ಸೌತ್. ಪ್ರತಿಯೊಂದಕ್ಕೂ ಬೇರೆ ಬೇರೆ 60 ದಿನ. ನಾರ್ತ್‌ನಲ್ಲಿ ಅಕ್ಟೋಬರ್‌ನಲ್ಲೇ ಶುರು, ಸೌತ್‌ನಲ್ಲಿ ಜನವರಿಯ ಕೊನೆಯ ಹತ್ತಿರದವರೆಗೆ ಹೋಗುತ್ತದೆ. ಗೆರೆಗಳನ್ನು ಬೇಕೆಂದಾಗ ಬದಲಿಸುವಂತಿಲ್ಲ, ಐದು ವರ್ಷಕ್ಕೊಮ್ಮೆ ಮಾತ್ರ ಅವಕಾಶ. 2021ರಿಂದ 2025 ಒಂದು ಕಂತು, 2026ರಿಂದ 2030 ಇನ್ನೊಂದು.

ಗೆರೆ ಅಂದರೆ ರಸ್ತೆ. ನಾರ್ತ್ ಜೋನ್ ಗೆರೆಯ ಪೂರ್ವದ ತುದಿ ಪಿಯೋಟೋನ್-ಬೀಚರ್ ರಸ್ತೆ. ರಸ್ತೆಯ ಈಚೆ ಬದಿ ಇನ್ನೂ ಸೀಸನ್ ತೆರೆದಿಲ್ಲ, ಆಚೆ ಬದಿ ಢಂ ಢಂ. ಬಾತುಗಳಿಗೆ ಬೋರ್ಡ್ ಓದಲು ಬರುವುದಿಲ್ಲ. ಇದು ತಮಾಷೆಯಾಗಿ ಕಾಣುತ್ತದೆ, ಆದರೆ ಬೇರೆ ದಾರಿ ಏನಿದೆ? ವಾರ್ಡನ್ ಬಂದು ಹಿಡಿದಾಗ ನಾನು ಎಲ್ಲಿ ನಿಂತಿದ್ದೇನೆ ಅಂತ ಕತ್ತಲಲ್ಲೂ ಗೊತ್ತಾಗಬೇಕು. ಅದಕ್ಕೆ ರಸ್ತೆಯೇ ಸರಿ. ಗೆರೆಯ ಬಗ್ಗೆ ನನ್ನದೇನೂ ದೂರಿಲ್ಲ.

ನನ್ನ ದೂರು ಇರುವುದು ತಾರೀಖಿನ ಬಗ್ಗೆ ಯಾರ ಮಾತು ನಡೆಯುತ್ತದೆ ಅನ್ನುವುದರಲ್ಲಿ.

ಒಂದು ಬೆಳಿಗ್ಗೆಯ ಕಥೆ ಹೇಳುತ್ತೇನೆ. ಡಿಸೆಂಬರ್ ಮೊದಲ ವಾರ, ಬೆಳಗಿನ ಜಾವ ನಾಲ್ಕು ಗಂಟೆ. ಹವಾನಾ ಊರಿನ ಕಡೆ ಇಲಿನಾಯ್ ನದಿಯ ಪಕ್ಕದಲ್ಲಿ ನೀರು ಹರಡಿಕೊಂಡು ನಿಂತ ಕೆರೆಗಳಿವೆ, ಮೊಣಕಾಲು ಮುಳುಗುವಷ್ಟೇ ಆಳ. ಸರ್ಕಾರದ ಜಾಗ, ಹಾಗಾಗಿ ಚೀಟಿ ಎತ್ತುತ್ತಾರೆ, ಯಾರ ಹೆಸರು ಬಂತೋ ಅವರಿಗೆ ಆವತ್ತಿನ ಜಾಗ. ಅವತ್ತು ನಮ್ಮ ಅದೃಷ್ಟ, ಹೆಸರು ಬಂತು. ಅಜ್ಜ ಹುಟ್ಟಿನ ಹಿಂಬದಿಯಿಂದ ಐಸ್ ಕುಟ್ಟುತ್ತಾ ಮುಂದೆ, ನಾನು ದೋಣಿ ತಳ್ಳುತ್ತಾ ಹಿಂದೆ. ಗಾಜಿನ ತಟ್ಟೆ ಒಡೆದ ಹಾಗೆ ಸದ್ದು. ಎರಡು ಡಜನ್ ಪ್ಲಾಸ್ಟಿಕ್ ಬಾತು ತೇಲಿಬಿಟ್ಟೆವು. ಅರ್ಧ ಗಂಟೆಯಲ್ಲಿ ಅವುಗಳ ಸುತ್ತ ಮತ್ತೆ ಐಸ್ ಕಟ್ಟಿತು, ಕೊಕ್ಕಿನ ಮೇಲೆ ಬಿಳಿ ಪದರ, ಒಂದೂ ಅಲುಗುತ್ತಿಲ್ಲ. ಅಲುಗದ ಬಾತಿನ ಹತ್ತಿರ ಯಾವ ಹುಚ್ಚು ಹಕ್ಕಿ ಇಳಿಯುತ್ತದೆ? ಬೆಳಕು ಹರಿಯಿತು. ಮಲ್ಲಾರ್ಡ್ ಬಂದವು, ನೂರಾರು, ತಲೆಯ ಮೇಲೆಯೇ. ಒಂದು ಸುತ್ತು ಹಾಕಿ ನದಿಯ ಆಚೆ ಒಂದು ಮೈಲಿ ದೂರದ ಖಾಸಗಿ ಕ್ಲಬ್ಬಿನ ಕಡೆ ಹೋದವು. ಅಲ್ಲಿ ಮುಸುಕಿನ ಜೋಳವನ್ನು ಕೊಯ್ಯದೆ ಹಾಗೇ ಬಿಟ್ಟು, ಹೊಲಕ್ಕೆ ನೀರು ಕಟ್ಟಿದ್ದಾರೆ. ನೀರು ಹೆಪ್ಪುಗಟ್ಟದ ಹಾಗೆ ಕಲಕುವ ಮೋಟರ್ ರಾತ್ರಿಯಿಡೀ ಓಡುತ್ತದೆ. ಜೋಳ ಚೆಲ್ಲಿದರೆ ಅಪರಾಧ, ಬೆಳೆದು ನಿಂತ ಜೋಳಕ್ಕೆ ನೀರು ಬಿಟ್ಟರೆ ಅಪರಾಧವಲ್ಲ. ನಾವು ಫ್ಲಾಸ್ಕಿನ ಕಾಫಿ ಕುಡಿದು ಎದ್ದು ಬಂದೆವು.

ಈಗ ಹೇಳಿ, ಸೀಸನ್ ಒಂದು ವಾರ ಮುಂದಕ್ಕೆ ಹಾಕಿ ಅಂತ ತಾರೀಖಿನ ಬಗ್ಗೆ ನಡೆಯುವ ಸಭೆಯಲ್ಲಿ ಎದ್ದು ನಿಲ್ಲುವವರು ಯಾರು? ನಾನು ಹೋದ ಸಭೆಯಲ್ಲಿ ಮೊದಲ ಎರಡು ಸಾಲು ಪೂರ್ತಿ ಇಂಥ ಕ್ಲಬ್ಬಿನವರೇ. ಅವರ ವಾದವೂ ಸುಳ್ಳಲ್ಲ: ಚಳಿ ಮೊದಲಿನಂತಿಲ್ಲ, ಮಲ್ಲಾರ್ಡ್ ಉತ್ತರದಲ್ಲೇ ಕಾಲ ತಳ್ಳುತ್ತವೆ, ಸೀಸನ್ ಮುಗಿದ ಮಾರನೇ ದಿನ ನಮ್ಮ ಹೊಲದ ತುಂಬಾ ಹಕ್ಕಿ. ಕೆಳಗಿನ ಸೌತ್ ಜೋನ್‌ನವರು ಇದನ್ನು ಹೇಳಿದರೆ ನಾನು ಎರಡೂ ಕೈ ಎತ್ತುತ್ತೇನೆ, ಅವರಿಗೆ ಜನವರಿ ಬೇಕೇ ಬೇಕು. ಆದರೆ ನಮ್ಮ ಸೆಂಟ್ರಲ್ ಜೋನ್‌ನಲ್ಲಿ ಕೊನೆಗೆ ಒಂದು ವಾರ ಸೇರಿಸಿದರೆ ಮೊದಲ ಒಂದು ವಾರ ಹೋಗುತ್ತದೆ. ಆ ಮೊದಲ ವಾರ ಯಾರದ್ದು? ದೊಡ್ಡ ದೋಣಿ ಇಲ್ಲದವರದ್ದು. ಮಕ್ಕಳನ್ನು ಕರೆದುಕೊಂಡು ಬರುವವರದ್ದು, ಹತ್ತು ವರ್ಷದ ಹುಡುಗನನ್ನು ಮೈನಸ್ ಹತ್ತು ಡಿಗ್ರಿಯಲ್ಲಿ ನೀರಿಗಿಳಿಸಲು ಆಗುತ್ತದಾ? ವರ್ಷಕ್ಕೆ ನಾಲ್ಕು ಸಲ ರಜೆ ಹೊಂದಿಸಿಕೊಂಡು ಬರುವ ನನ್ನಂಥವರದ್ದು. ಟೀಲ್, ವುಡ್ ಡಕ್‌ನಂಥ ಸಣ್ಣ ಬಾತು ಸಿಕ್ಕರೂ ಸಾಕು, ಖಾರ ರುಬ್ಬಿ ಸಾರು ಮಾಡಿದರೆ ಅದರ ಮುಂದೆ ಮಲ್ಲಾರ್ಡ್ ಏನೂ ಅಲ್ಲ. ಇದು ನನ್ನ ಅಭಿಪ್ರಾಯ, ಅಜ್ಜ ಒಪ್ಪುವುದಿಲ್ಲ.

ಇನ್ನು ಕೆಲವರು ಇದ್ದಾರೆ, ಸೀಸನ್ ನಡುವೆ ಬಿಡುವು ಕೊಡಿ ಅನ್ನುವವರು. ಎರಡು ವಾರ ಹೊಡೆದು, ಒಂದು ವಾರ ನಿಲ್ಲಿಸಿದರೆ ಹಕ್ಕಿ ಹೆದರಿಕೆ ಬಿಟ್ಟು ಮತ್ತೆ ಇಳಿಯುತ್ತದೆ ಅನ್ನುತ್ತಾರೆ. ಚೆನ್ನಾಗೇ ಇದೆ. ಆದರೆ ನಾಲ್ಕು ಜೋನ್ ಇಟ್ಟುಕೊಂಡ ರಾಜ್ಯಕ್ಕೆ ಆ ಬಿಡುವು ಸಿಗುವುದಿಲ್ಲ, ಅದು ಕೇಂದ್ರದ ನಿಯಮ. ಬಿಡುವು ಬೇಕಾದರೆ ಒಂದು ಜೋನ್ ಬಿಟ್ಟುಕೊಡಬೇಕು. ಆರ್ಕನ್ಸಾ ರಾಜ್ಯದವರು ಜೋನ್ ಗೋಜಿಗೇ ಹೋಗದೆ, ಇಡೀ ರಾಜ್ಯಕ್ಕೆ ಒಂದೇ ತಾರೀಖು ಇಟ್ಟು ಸೀಸನ್ನನ್ನು ಮೂರು ತುಂಡು ಮಾಡಿಕೊಂಡಿದ್ದಾರೆ. ಇಷ್ಟು ಉದ್ದದ ನಮ್ಮ ರಾಜ್ಯಕ್ಕೆ ಅದು ಹೊಂದುವುದಿಲ್ಲ ಬಿಡಿ.

ನಾನು ಹೇಳುವುದು ಇಷ್ಟೇ. 60 ದಿನ, 6 ಹಕ್ಕಿ ಅಂತ ಗೀಟು ಎಳೆದ ಮೇಲೆ, ತಾರೀಖು ಒಂದು ವಾರ ಆ ಕಡೆ ಈ ಕಡೆ ಆದರೆ ಬಾತಿನ ವಂಶವೇನೂ ಮುಳುಗಿಹೋಗುವುದಿಲ್ಲ. ತಾರೀಖು ಅನ್ನುವುದು ಇಷ್ಟದ ಪ್ರಶ್ನೆ, ಹಂಚಿಕೆಯ ಪ್ರಶ್ನೆ. ಹಂಚಿಕೆಯ ಪ್ರಶ್ನೆ ಆದಮೇಲೆ ವಾರದ ದಿನ ಸಂಜೆ ಸಭೆಗೆ ಬರಲು ಪುರುಸೊತ್ತಿದ್ದ ನಲವತ್ತು ಜನರ ಗಂಟಲು ಎಷ್ಟು ದೊಡ್ಡದು ಅಂತ ನೋಡಬಾರದು. ಬಾತು ಬೇಟೆಗೆ ಬೇಕಾದ ಸ್ಟ್ಯಾಂಪ್ ಕೊಂಡ ಎಲ್ಲರನ್ನೂ ಕೇಳಬೇಕು. ಕ್ಲಬ್ಬಿನವರೂ 25 ಡಾಲರಿನ ಡಕ್ ಸ್ಟ್ಯಾಂಪೇ ಕೊಳ್ಳುವುದು, ನಾನೂ ಅದನ್ನೇ ಕೊಳ್ಳುವುದು. 1934ರಿಂದ ಆ ದುಡ್ಡಿನಲ್ಲೇ ಇಲ್ಲಿನ ಎಷ್ಟೋ ಜೌಗು ನೆಲ ಉಳಿದಿದೆ. ಸೀಸನ್ ಮುಗಿದ ಮೇಲೆ ರಾಜ್ಯದವರು ಕೆಲವರಿಗೆ ಪ್ರಶ್ನಾವಳಿ ಕಳಿಸುತ್ತಾರೆ. ಅದರಲ್ಲಿ ‘ನಿಮಗೆ ಯಾವ ತಾರೀಖು ಬೇಕು’ ಅನ್ನುವುದರ ಜೊತೆಗೆ ‘ನೀವು ಹೊಡೆಯುವುದು ಸರ್ಕಾರದ ನೀರಿನಲ್ಲೋ, ಸ್ವಂತ ನೀರಿನಲ್ಲೋ, ಆಳ ಎಷ್ಟು’ ಅಂತಲೂ ಕೇಳಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಯಾರು ಯಾಕೆ ಏನು ಕೇಳುತ್ತಿದ್ದಾರೆ ಅಂತ ಆಗ ತಾನಾಗೇ ಗೊತ್ತಾಗುತ್ತದೆ.

ಪ್ರಶ್ನಾವಳಿ ಬಂದವರು ದಯವಿಟ್ಟು ತುಂಬಿ ಕಳಿಸಿ. ಅಜ್ಜನಿಗೆ ಒಂದು ಸಲ ಬಂದಿತ್ತು, ಗ್ಯಾರೇಜಿನ ಕಪಾಟಿನ ಮೇಲೆ ಕಾಟ್ರಿಜ್ ಡಬ್ಬಿಯ ಕೆಳಗೆ ಬಿದ್ದಿತ್ತು, ತೆರೆದೇ ಇರಲಿಲ್ಲ. “ನನ್ನನ್ನ ಯಾರು ಕೇಳ್ತಾರೆ?” ಅಂದರು. ಕೇಳಿದ್ದಾರಲ್ಲ, ಇದೇ ಕಾಗದದಲ್ಲಿ ಕೇಳಿದ್ದಾರೆ ಅಂದೆ. ಆಮೇಲೆ ನಾವಿಬ್ಬರೂ ಕುರ್ಚಿ ಎಳೆದುಕೊಂಡು 22 ಕ್ಯಾಲೆಂಡರ್ ಒಂದೊಂದಾಗಿ ಮಗುಚಿದೆವು. ಅವರು ಕಾಟು ಹಾಕಿದ ದಿನ ಓದುತ್ತಾ ಹೋದರು, ನಾನು ಅದರ ಮುಂದೆ ಸೀಸನ್ ಇನ್ನೂ ಎಷ್ಟು ದಿನ ತೆರೆದಿತ್ತು ಅಂತ ಬರೆಯುತ್ತಾ ಹೋದೆ. ಹನ್ನೆರಡು, ಒಂಬತ್ತು, ಹದಿನೈದು, ನಾಲ್ಕು, ಹದಿನೆಂಟು. ಕಾಗದದಲ್ಲಿ ಉತ್ತರ ಬರೆಯಲು ಕೊಟ್ಟಿದ್ದು ಎರಡೇ ಗೆರೆ. ಅಜ್ಜ ಹಿಂಬದಿ ತಿರುಗಿಸಿ ಪೂರ್ತಿ ಪಟ್ಟಿ ಬರೆದು, ಲಕೋಟೆಗೆ ನಾಲಿಗೆ ಸವರಿ ಅಂಟಿಸಿದರು.