ಗೌರವಧನ ಅನ್ನುವ ಜಾಣ ಪದ

ಎಲ್ಲರಿಗೂ ನಮಸ್ಕಾರ.

ಗ್ರಂಥಾಲಯದವರು ‘ಆರೋಗ್ಯದ ಬಗ್ಗೆ ಏನಾದರೂ ಮಾತಾಡಿ ಮೇಷ್ಟ್ರೇ’ ಅಂದರು. ನಾನು ಡಾಕ್ಟರ್ ಅಲ್ಲ, ಗಣಿತದ ಮೇಷ್ಟ್ರು. ಹಾಗಾಗಿ ಶುಗರು, ಬಿಪಿ ಬಿಟ್ಟು ಲೆಕ್ಕ ಮಾತಾಡುತ್ತೇನೆ. ಆಶಾ ಕಾರ್ಯಕರ್ತೆಯರ ಸಂಬಳದ ಲೆಕ್ಕ. ತಪ್ಪಾಯ್ತು, ಸಂಬಳ ಅನ್ನಬಾರದಂತೆ. ಸರ್ಕಾರದ ಕಡತದಲ್ಲಿ ಅದು ಗೌರವಧನ, ಪ್ರೋತ್ಸಾಹಧನ.

ನನ್ನ ಮಗಳು ಬಾಣಂತನಕ್ಕೆ ಬಂದಿದ್ದಾಗಿನ ಮಾತು. ಆಸ್ಪತ್ರೆಯಲ್ಲಿ ಹೆರಿಗೆ ಆಗಿ ಮೂರನೇ ದಿನ. ಬೆಳಿಗ್ಗೆಯೇ ನಮ್ಮ ಆಶಾ ಬಂದರು. ಕೈ ತೊಳೆದರು. ಚೀಲದಿಂದ ಸ್ಪ್ರಿಂಗ್ ತಕ್ಕಡಿ ತೆಗೆದು, ಬಟ್ಟೆಯ ಜೋಳಿಗೆಯಲ್ಲಿ ಕೂಸನ್ನು ತೂಗಿದರು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರು. ಆಮೇಲೆ ಕೂಸಿನ ಹೊಟ್ಟೆ ಮೇಲಿನ ಬಟ್ಟೆ ಸರಿಸಿ, ಗಡಿಯಾರ ಹಿಡಿದು ಉಸಿರು ಎಣಿಸತೊಡಗಿದರು. ನಮ್ಮವಳು ಏನೋ ಕೇಳಲು ಹೋದಳು. ‘ಒಂದು ನಿಮಿಷ ಸುಮ್ನಿರಿ ಅಮ್ಮ’ ಅಂದರು. ಇಡೀ ಮನೆ ಒಂದು ನಿಮಿಷ ಸುಮ್ಮನಾಯಿತು. ನನ್ನ ಕ್ಲಾಸಿನಲ್ಲಿ ಒಂದು ದಿನವೂ ಅಷ್ಟು ಮೌನ ಇರಲಿಲ್ಲ!

ಹೀಗೆ 3, 7, 14, 21, 28, 42ನೇ ದಿನ ಬರಬೇಕು. ಒಟ್ಟು ಆರು ಭೇಟಿ. ಆರಕ್ಕೂ ಸೇರಿಸಿ ಇಟ್ಟ ದರ 250 ರೂಪಾಯಿ. ಭಾಗಿಸಿ ನೋಡಿ, ಒಂದು ಭೇಟಿಗೆ 42 ರೂಪಾಯಿ ಕೂಡ ಆಗುವುದಿಲ್ಲ. ತೋಟದ ಮನೆ ಆದರೆ ಆಟೋಗೇ ಅದಕ್ಕಿಂತ ಜಾಸ್ತಿ.

ಈ ಆಶಾ ಯೋಜನೆ ಶುರುವಾಗಿದ್ದು 2005ರಲ್ಲಿ. ಸಾವಿರ ಜನಕ್ಕೆ ಒಬ್ಬರು, ಅದೇ ಊರಿನ ಹೆಂಗಸು, ಹೆಸರಿಗೆ ಸ್ವಯಂಸೇವಕಿ. ಇಡೀ ಆಟ ಇರುವುದು ಈ ಪದದಲ್ಲಿ. ಸ್ವಯಂಸೇವಕಿ ಅಂದ ಮೇಲೆ ಕನಿಷ್ಠ ಕೂಲಿ ಕಾನೂನು ಹತ್ತಿರ ಬರುವುದಿಲ್ಲ, ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. ಇವರನ್ನು ಕಾರ್ಮಿಕರೆಂದೇ ಒಪ್ಪಿಕೊಳ್ಳಿ ಅಂತ ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಒಟ್ಟಿಗೆ ಕೂರುವ 2013ರ ಭಾರತೀಯ ಕಾರ್ಮಿಕ ಸಮ್ಮೇಳನವೇ ಶಿಫಾರಸು ಮಾಡಿತ್ತು. ಅದು ಹಾಗೇ ಉಳಿದಿದೆ. 2020ರ ಮಾರ್ಚ್ 22ರಂದು, ಕೊರೊನಾದಲ್ಲಿ ದುಡಿಯುವವರಿಗೆ ಕೃತಜ್ಞತೆ ಅಂತ ನಾವೆಲ್ಲ ತಟ್ಟೆ ಬಡಿದೆವು, ನಾನೂ ಬಡಿದೆ. ಅದೇ ವರ್ಷ ಜುಲೈನಲ್ಲಿ, ಕೊರೊನಾ ಏರುತ್ತಿದ್ದಾಗಲೇ, ತಿಂಗಳಿಗೆ 12 ಸಾವಿರ ಕೊಡಿ ಅಂತ ಇವರು ಮುಷ್ಕರ ಕೂರಬೇಕಾಯಿತು. ಆಗ ತಟ್ಟೆ ಸದ್ದು ಕೇಳಲಿಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರಿಗೆ ಪ್ರಶಸ್ತಿ ಕೊಟ್ಟಿತು. ಗೌರವ ಬಂತು, ಧನ ಬರಲಿಲ್ಲ.

ಆಮೇಲೆ 2025ರ ಜನವರಿ. ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಸಾವಿರಾರು ಜನ ಆ ಚಳಿಯಲ್ಲಿ ಹಗಲು ರಾತ್ರಿ ಕೂತರು. ಕೇಳಿದ್ದು ತಿಂಗಳಿಗೆ 15 ಸಾವಿರ. ಗೌರವಧನ, ಪ್ರೋತ್ಸಾಹಧನ ಎಲ್ಲ ಸೇರಿಸಿ ಕನಿಷ್ಠ 10 ಸಾವಿರ ಖಾತ್ರಿ, ಏಪ್ರಿಲ್‌ನಿಂದ, ಅಂತ ಮುಖ್ಯಮಂತ್ರಿ ಭರವಸೆ ಕೊಟ್ಟರು. ಎದ್ದು ಬಂದರು. ಭರವಸೆ ಆದೇಶವಾಗಲಿಲ್ಲ ಅಂತ ಆಗಸ್ಟ್‌ನಲ್ಲಿ ಮತ್ತೆ ಅದೇ ಜಾಗ.

‘ಇವರದ್ದು ಬರೀ ಮುಷ್ಕರ, ರೋಗಿಗಳ ಗತಿ ಏನು’ ಅಂತ ಕೇಳುವವರು ಇಲ್ಲೂ ಇದ್ದೀರಿ. ಸ್ವಲ್ಪ ಯೋಚಿಸಿ. ಬಸ್ ನಿಂತರೆ ಮಾರನೇ ದಿನವೇ ಸ್ಟ್ಯಾಂಡಿನಲ್ಲಿ ಗಲಾಟೆ, ಮಂತ್ರಿಗಳು ಓಡಿ ಬರುತ್ತಾರೆ. ಆಶಾ ಮನೆಯಲ್ಲಿ ಕೂತರೆ? ಆಸ್ಪತ್ರೆ ತೆರೆದೇ ಇರುತ್ತದೆ. ಗರ್ಭಿಣಿಯ ಹೆಸರು ತಾಯಿ ಕಾರ್ಡಿಗೆ ಏರುವುದು ತಡವಾಗುತ್ತದೆ. ಒಂದು ಕೂಸಿನ ಚುಚ್ಚುಮದ್ದು ತಪ್ಪುತ್ತದೆ. ಒಬ್ಬ ಕ್ಷಯ ರೋಗಿ ಮಾತ್ರೆ ಬಿಡುತ್ತಾನೆ. ಇದೆಲ್ಲ ಗೊತ್ತಾಗುವುದು ತಿಂಗಳುಗಳಾದ ಮೇಲೆ, ಅದೂ ಒಂದೊಂದು ಮನೆಯ ಒಳಗೆ. ಹಾಗಾಗಿ ಇವರ ಮುಷ್ಕರಕ್ಕೆ ಯಾರೂ ಹೆದರುವುದಿಲ್ಲ. ಸದ್ದು ಮಾಡುವ ಕೆಲಸ ನಮ್ಮ ಪಾಲಿಗೆ ಉಳಿಯುತ್ತದೆ, ಅಲ್ವಾ?

ಪಕ್ಕದ ಕೇರಳದಲ್ಲಿ 2025ರ ಫೆಬ್ರವರಿಯಿಂದ ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ತಿಂಗಳುಗಟ್ಟಲೆ ಆಶಾಗಳು ಕೂತರು. ಕೂದಲು ಕತ್ತರಿಸಿಕೊಂಡರು. ಕೆಲವು ಪಂಚಾಯಿತಿಗಳು ತಮ್ಮ ದುಡ್ಡಿನಿಂದಲೇ ಒಂದಷ್ಟು ಕೊಡುತ್ತೇವೆ ಅಂದವು. ಅದರಲ್ಲಿ ಪಕ್ಷ ರಾಜಕೀಯ ಇರಲಿಲ್ಲ ಅಂತಲ್ಲ, ಇತ್ತು. ಆದರೂ ನಮ್ಮ ಪಂಚಾಯಿತಿಗೆ ಈ ಯೋಚನೆ ಕನಸಿನಲ್ಲಾದರೂ ಬಂದಿದೆಯಾ? ಇಲ್ಲಿ ಹೈಮಾಸ್ಟ್ ದೀಪಕ್ಕೆ ದುಡ್ಡಿದೆ.

ಮುಂದಿನ ಗ್ರಾಮಸಭೆಗೆ ನಾನು ಒಂದು ಅರ್ಜಿ ಬರೆದು ತಂದಿದ್ದೇನೆ. ಅರ್ಧ ಪುಟ. ಕೊಟ್ಟ ಮಾತಿನಂತೆ ಹಣ ಕೊಡಿ, ಅದು ಪ್ರತಿ ತಿಂಗಳು ಒಂದೇ ತಾರೀಖಿಗೆ ಬರಲಿ ಅಂತ ಸರ್ಕಾರಕ್ಕೆ ಊರಿನ ಪರವಾಗಿ ಕೇಳುವ ಠರಾವು. ಅಲ್ಲಿ ಪೇಪರ್ ಓದುವ ಮೇಜಿನ ಮೇಲಿದೆ, ಪೆನ್ನೂ ಇದೆ. ನಮ್ಮ ಆಶಾ ಅವರನ್ನೂ ಇವತ್ತು ಕರೆದಿದ್ದೆ. ಮೇಲಿನ ಕೇರಿಯಲ್ಲಿ ಒಂದು ಕೂಸಿಗೆ ಇಪ್ಪತ್ತೊಂದನೇ ದಿನವಂತೆ, ತೂಗಿ ಬರುತ್ತೇನೆ ಅಂದರು. ಅವರು ಬರುವಷ್ಟರಲ್ಲಿ ಸಹಿ ಹಾಕಿ ಮುಗಿಸೋಣ.