ಹೊರಗೆ ಒಂದೇ ವಿಳಾಸ

ಕೇಳುಗರೇ, ನಮಸ್ಕಾರ.

ನಿಮ್ಮ ಫೋನಿನ ವೈಫೈ ಸೆಟ್ಟಿಂಗ್ಸ್ ತೆರೆದು ಐಪಿ ವಿಳಾಸ, ಅಂದರೆ ಜಾಲದಲ್ಲಿ ಫೋನನ್ನು ಗುರುತಿಸುವ ಸಂಖ್ಯೆ, ನೋಡಿದ್ದೀರಾ? ಹೆಚ್ಚಾಗಿ ಅದು 192.168 ಅಂತ ಶುರುವಾಗುತ್ತದೆ. ಅದೇ ವಿಳಾಸ ಬೇರೆ ಎಷ್ಟೋ ಮನೆಗಳ ಫೋನುಗಳಿಗೂ ಇದೆ. ಆದರೂ ನೀವು ಕೇಳಿದ ವಿಡಿಯೋ ನಿಮಗೇ ಬರುತ್ತದೆ, ಅಲ್ವಾ?

ಆ ವಿಳಾಸ ನಡೆಯುವುದು ಮನೆಯೊಳಗೆ ಮಾತ್ರ. ಹೊರಗೆ ಇಡೀ ಮನೆಗೆ ಒಂದೇ ವಿಳಾಸ. ಅದು ರೂಟರ್‌ನದು.

ಫೋನು ಒಂದು ಪುಟ ಕೇಳಿತು ಅನ್ನಿ. ಹೊರಟ ಪ್ಯಾಕೆಟ್ಟಿನ, ಅಂದರೆ ಮಾಹಿತಿಯ ಪುಟ್ಟ ಕಟ್ಟಿನ ಮೇಲೆ ಫೋನಿನ ವಿಳಾಸದ ಜೊತೆ ಪೋರ್ಟ್ ನಂಬರ್ ಕೂಡ ಇರುತ್ತದೆ. ಉತ್ತರ ಫೋನಿನೊಳಗೆ ಯಾವ ಕೆಲಸಕ್ಕೆ ಸೇರಬೇಕು ಅಂತ ಹೇಳುವ ಸಂಖ್ಯೆ ಅದು. 51000 ಅಂತಿಟ್ಟುಕೊಳ್ಳಿ. ರೂಟರ್ ಆ ವಿಳಾಸ ತೆಗೆದು ತನ್ನದನ್ನು ಹಾಕುತ್ತದೆ, ಪೋರ್ಟನ್ನು 40001 ಮಾಡುತ್ತದೆ. ‘40001ಕ್ಕೆ ಬಂದದ್ದು ಈ ಫೋನಿಗೆ’ ಅಂತ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಅಷ್ಟರಲ್ಲಿ ಲ್ಯಾಪ್‌ಟಾಪ್ ಕೂಡ 51000ದಿಂದಲೇ ಕೇಳಿತು. ಪರವಾಗಿಲ್ಲ, ಅದಕ್ಕೆ 40002. ಉತ್ತರ ಬಂದಾಗ ಪಟ್ಟಿ ನೋಡಿ ಒಳಗೆ ಕಳಿಸಿದರಾಯಿತು. ವಿಳಾಸ ಒಂದೇ ಆದರೂ ಪೋರ್ಟುಗಳು 65,536 ಇವೆಯಲ್ಲ!

ಈ ಉಪಾಯದ ಹೆಸರು ನ್ಯಾಟ್. ಹಳೆಯ ಮಾದರಿಯ, ಅಂದರೆ ಐಪಿವಿ4 ವಿಳಾಸಗಳು ಇರುವುದೇ ಸುಮಾರು 430 ಕೋಟಿ, ಸಾಲುವುದಿಲ್ಲ ಅಂತ ಆಗಲೇ ಗೊತ್ತಾಗಿತ್ತು. 1994ರಲ್ಲಿ ಇದನ್ನು ಸದ್ಯಕ್ಕಿರಲಿ ಅಂತ ಮುಂದಿಟ್ಟರು. ಆ ‘ಸದ್ಯಕ್ಕೆ’ ಇನ್ನೂ ಮುಗಿದಿಲ್ಲ. ವಿಳಾಸಗಳಿಗೆ ಬರವೇ ಇಲ್ಲದ ಹೊಸ ಮಾದರಿ ಐಪಿವಿ6 ಬಂದ ಮೇಲೂ!

ಇದರಲ್ಲಿ ಒಂದು ತೊಡಕಿದೆ. ಒಳಗಿನವರು ಮೊದಲು ಮಾತಾಡಿದರೆ ಮಾತ್ರ ಪಟ್ಟಿಯಲ್ಲಿ ಸಾಲು ಬೀಳುತ್ತದೆ. ಹೊರಗಿನವರು ತಾವಾಗಿ ಬಂದರೆ ಯಾರಿಗೆ ಕೊಡಬೇಕೆಂದು ರೂಟರ್‌ಗೆ ಗೊತ್ತಿಲ್ಲ, ಬಿಸಾಕುತ್ತದೆ. ಮನೆಯ ಕ್ಯಾಮೆರಾವನ್ನು ನೇರವಾಗಿ ಹೊರಗಿಂದ ನೋಡಬೇಕಾದರೆ ‘ಈ ಪೋರ್ಟಿಗೆ ಬಂದದ್ದು ಕ್ಯಾಮೆರಾಕ್ಕೆ’ ಅಂತ ನಾವೇ ಬರೆದಿಡಬೇಕು. ಅದೇ ಪೋರ್ಟ್ ಫಾರ್ವರ್ಡಿಂಗ್.

ನಾನೂ ಒಮ್ಮೆ ಹೀಗೆ ಬರೆದಿಟ್ಟೆ. ಇಡೀ ಸಂಜೆ ಕೂತರೂ ಕ್ಯಾಮೆರಾ ಕಾಣಲಿಲ್ಲ. ರೂಟರನ್ನು ಸುಮ್ನೆ ಬೈದದ್ದೇ ಬಂತು. ಆಮೇಲೆ ನೋಡಿದರೆ ರೂಟರ್‌ನ ಹೊರ ವಿಳಾಸವೇ 100.64 ಅಂತ ಶುರುವಾಗಿತ್ತು. ಇಂಟರ್ನೆಟ್ ಕಂಪನಿಯವರೇ ತಮ್ಮ ಕಡೆ ಇನ್ನೊಂದು ನ್ಯಾಟ್ ಇಟ್ಟು, ಹಲವು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸಿದ್ದರು. ಇಂಥದ್ದಕ್ಕೆಂದೇ 2012ರಲ್ಲಿ ಈ ಸಾಲಿನ ವಿಳಾಸಗಳನ್ನು ಮೀಸಲಿಟ್ಟಿದ್ದಾರೆ. ನಾನು ಬರೆದದ್ದು ನನ್ನ ಪಟ್ಟಿಯಲ್ಲಿ. ಅವರ ಪಟ್ಟಿ ನನ್ನ ಕೈಗೆ ಸಿಗುವುದಿಲ್ಲವಲ್ಲ.

ನಿಮ್ಮದನ್ನೂ ನೋಡಿಕೊಳ್ಳಬಹುದು. ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ವ್ಯಾನ್ (WAN) ವಿಳಾಸ ಅಂತ ಇರುತ್ತದೆ, ಅದೇ ರೂಟರ್‌ನ ಹೊರ ವಿಳಾಸ. ‘ನನ್ನ ಐಪಿ ಏನು’ ಅಂತ ತೋರಿಸುವ ಯಾವುದಾದರೂ ತಾಣವನ್ನೂ ತೆರೆಯಿರಿ. ಹಳೆಯ ಮಾದರಿಯ ಈ ಎರಡು ವಿಳಾಸಗಳು ಬೇರೆಬೇರೆ ಇದ್ದರೆ, ನಿಮ್ಮ ಹೊರಗೂ ಇನ್ನೊಂದು ಪಟ್ಟಿ ಇದೆ.

ನಮಸ್ಕಾರ.